ಎರಡು ಸಣ್ಣ ಹೀಟರ್, ಹೊರಗೊಂದು ಕಂಟ್ರೋಲರ್: ಹಲವು ಚಳಿಗಾಲಗಳ ಬಳಕೆಯ ನಂತರ

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 200 ಲೀಟರ್‌ನ ಮೀನಿನ ತೊಟ್ಟಿಗೆ 300 ವಾಟ್‌ನ ಒಂದೇ ಹೀಟರ್ ಇಳಿಬಿಡುವುದಕ್ಕಿಂತ 100 ವಾಟ್‌ನ ಎರಡು ಗಾಜಿನ ಹೀಟರ್ ಹಾಕಿ, ಎರಡನ್ನೂ ಒಂದು ಡಿಜಿಟಲ್ ಕಂಟ್ರೋಲರ್ (ನೀರಿನ ಉಷ್ಣಾಂಶ ಅಳೆದು ಹೀಟರ್ ಹೊತ್ತಿಸಿ ಆರಿಸುವ ಹೊರಗಿನ ಸಾಧನ) ಮೂಲಕ ಓಡಿಸುವುದು ಮೇಲು. ಖರ್ಚು ಸ್ವಲ್ಪ ಹೆಚ್ಚು, ತೊಟ್ಟಿಯ ಹಿಂದೆ ವೈರುಗಳ ಗೋಜಲೂ ಹೆಚ್ಚು. ಆದರೂ ವರ್ಷಗಟ್ಟಲೆ ಓಡಿಸಿದ ಮೇಲೆ ಬೇರೆ ಜೋಡಣೆಗೆ ಮರಳುವ ಮನಸ್ಸಾಗುವುದಿಲ್ಲ. ಥರ್ಮೋಸ್ಟಾಟ್ (ಉಷ್ಣಾಂಶಕ್ಕೆ ತಕ್ಕಂತೆ ತಾನೇ ಹೊತ್ತಿಸಿ ಆರಿಸುವ ಒಳಗಿನ ಸ್ವಿಚ್) ಇರುವ ಹೀಟರ್ ಯಾವ ಕಂಪನಿಯದೇ ಆಗಲಿ, ಒಂದಲ್ಲ ಒಂದು ದಿನ ಕೈಕೊಡುತ್ತದೆ. ಕೈಕೊಟ್ಟ ದಿನ ನೀರು ಎಷ್ಟು ಡಿಗ್ರಿಗೆ ಹೋಗಿ ನಿಲ್ಲುತ್ತದೆ ಎಂಬುದೇ ಆಯ್ಕೆಯ ಮುಖ್ಯ ಲೆಕ್ಕ.

ಸಾಮಾನ್ಯ ಗಾಜಿನ ಹೀಟರ್‌ನೊಳಗೆ ಇರುವುದು ಎರಡೇ ಮುಖ್ಯ ಭಾಗ: ಕಾಯುವ ಸುರುಳಿ ತಂತಿ, ಅದರ ಮೇಲ್ಗಡೆ ಬೈಮೆಟಲ್ ಪಟ್ಟಿ, ಅಂದರೆ ಎರಡು ಲೋಹಗಳನ್ನು ಬೆಸೆದ ಪಟ್ಟಿ. ಬಿಸಿಯಾದಾಗ ಪಟ್ಟಿ ಬಾಗಿ ಸಂಪರ್ಕ ಬಿಡಿಸುತ್ತದೆ, ತಣಿದಾಗ ಮತ್ತೆ ಕೂಡಿಸುತ್ತದೆ. ಬಿಡಿಸುವಾಗಲೆಲ್ಲ ಒಂದು ಸಣ್ಣ ಕಿಡಿ. ಸಾವಿರಾರು ಸಲ ಕಿಡಿ ತಿಂದ ಸಂಪರ್ಕ ಬಿಂದುಗಳು ಒಂದೋ ಮಸಿಗಟ್ಟಿ ಕೂಡುವುದನ್ನೇ ನಿಲ್ಲಿಸುತ್ತವೆ, ಇಲ್ಲವೇ ಬೆಸುಗೆ ಹಾಕಿದಂತೆ ಅಂಟಿಕೊಂಡು ಬಿಡಿಸಿಕೊಳ್ಳುವುದನ್ನು ನಿಲ್ಲಿಸುತ್ತವೆ. ಮೊದಲನೆಯದಾದರೆ ನೀರು ನಿಧಾನವಾಗಿ ತಣಿಯುತ್ತದೆ, ಗಮನಿಸಲು ಸಮಯವಿರುತ್ತದೆ. ಎರಡನೆಯದಾದರೆ ಹೀಟರ್ ಆರುವುದೇ ಇಲ್ಲ. ಮೀನುಗಳನ್ನು ಕೊಲ್ಲುವುದು ಹೆಚ್ಚಾಗಿ ಇದೇ. ಬಿಸಿಯ ಜೊತೆಗೆ ಉಸಿರಿನ ತೊಂದರೆಯೂ ಸೇರಿಕೊಳ್ಳುತ್ತದೆ: ಸಿಹಿನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ 7.6ಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಆಮ್ಲಜನಕದ ಬೇಡಿಕೆ ಏರಿರುತ್ತದೆ.

ಈಗ ವಾಟ್ ಲೆಕ್ಕ. ‘ಲೀಟರಿಗೆ ಒಂದು ವಾಟ್’ ಎಂಬ ಸೂತ್ರ ಎಲ್ಲ ಕಡೆ ಓಡಾಡುತ್ತಿದೆ. ತೀರಾ ತಪ್ಪಲ್ಲ, ಆದರೆ ಕೋಣೆ ಎಷ್ಟು ತಣ್ಣಗಿದೆ, ಮುಚ್ಚಳ ಇದೆಯೇ ಎಂಬುದನ್ನು ಅದು ಕೇಳುವುದೇ ಇಲ್ಲ. ಬೇಕಾದದ್ದು ನಿಮ್ಮ ತೊಟ್ಟಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವಾಟ್ ಕಳೆದುಕೊಳ್ಳುತ್ತದೆ ಎಂಬ ಅಂಕಿ. ಅಳೆಯುವುದು ಸುಲಭ. ಪ್ಲಗ್‌ಗೆ ಸಿಕ್ಕಿಸುವ ವಿದ್ಯುತ್ ಮೀಟರ್ ಒಂದನ್ನು ಹೀಟರ್‌ಗೆ ಹಾಕಿ 24 ಗಂಟೆ ಬಿಡಿ. ಆ ದಿನದ ಕೋಣೆಯ ಸರಾಸರಿ ಉಷ್ಣಾಂಶ ಬರೆದಿಡಿ. ಮೀಟರ್ 1.6 ಯೂನಿಟ್, ಅಂದರೆ 1600 ವಾಟ್-ಗಂಟೆ, ತೋರಿಸಿತು ಎನ್ನಿ. 1600ನ್ನು 24ರಿಂದ ಭಾಗಿಸಿದರೆ ಸರಾಸರಿ 67 ವಾಟ್. ನೀರು 26, ಕೋಣೆ 20 ಇದ್ದರೆ ವ್ಯತ್ಯಾಸ 6. ಅಂದರೆ ಡಿಗ್ರಿಗೆ ಸುಮಾರು 11 ವಾಟ್. ನೀರಿನೊಳಗೇ ಮುಳುಗಿರುವ ಪಂಪ್ ಇದ್ದರೆ ಅದರ ವಾಟ್ ಕೂಡ ಹೆಚ್ಚುಕಡಿಮೆ ಪೂರ್ತಿ ಬಿಸಿಯಾಗಿಯೇ ನೀರು ಸೇರುತ್ತದೆ, ಅದನ್ನೂ 67ಕ್ಕೆ ಕೂಡಿಸಿಕೊಂಡು ಭಾಗಿಸಬೇಕು.

ಈ 11ನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಕೋಣೆ 14ಕ್ಕೆ ಇಳಿಯುವ ರಾತ್ರಿ ವ್ಯತ್ಯಾಸ 12 ಡಿಗ್ರಿ, ಬೇಕಾದದ್ದು 132 ವಾಟ್. ಅದಕ್ಕೆ ಕಾಲು ಭಾಗ ಸೇರಿಸಿದರೂ 165. 100 ವಾಟ್‌ನ ಎರಡು ಹೀಟರ್‌ಗಳಲ್ಲಿ ಧಾರಾಳವಾಗಿ ಮುಗಿಯುತ್ತದೆ. ಈಗ ಉಲ್ಟಾ ನೋಡಿ. 300 ವಾಟ್‌ನ ಹೀಟರ್ ಆರದೆ ಅಂಟಿಕೊಂಡರೆ ನೀರು ಕೋಣೆಗಿಂತ 27 ಡಿಗ್ರಿ ಮೇಲೆ ಹೋಗಿ ನಿಲ್ಲಬೇಕು. 20 ಡಿಗ್ರಿ ಕೋಣೆಯಲ್ಲಿ 47. ಅಲ್ಲಿಗೆ ಮುಟ್ಟುವವರೆಗೂ ಕಾಯಬೇಕಿಲ್ಲ. 200 ಲೀಟರ್ ನೀರು 26ರಿಂದ 34ಕ್ಕೇರಲು ಸುಮಾರು 10 ಗಂಟೆ ಸಾಕು, ಅಂದರೆ ಒಂದು ರಾತ್ರಿ. ಅದೇ 100 ವಾಟ್‌ನದೊಂದು ಅಂಟಿಕೊಂಡರೆ ಕೋಣೆಗಿಂತ ಏರುವುದು 9 ಡಿಗ್ರಿ, ನೀರು 29ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನೀರು ಬಿಸಿಯಾಗಿರುವುದರಿಂದ ಎರಡನೆಯ ಹೀಟರ್ ಹೊತ್ತಿಕೊಳ್ಳುವುದೇ ಇಲ್ಲ. ಉಷ್ಣವಲಯದ ಬಹುಪಾಲು ಮೀನುಗಳು ಇದನ್ನು ತಡೆದುಕೊಳ್ಳುತ್ತವೆ.

ಮುಚ್ಚಳದ ಬಗ್ಗೆ ಒಂದು ಮಾತು. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಹತ್ತಿರಹತ್ತಿರ 0.67 ಯೂನಿಟ್‌ನಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ದಿನಕ್ಕೆ ಎರಡು ಲೀಟರ್ ಆರುವ ತೆರೆದ ತೊಟ್ಟಿಗೆ ದೊಡ್ಡ ಹೀಟರ್ ಹುಡುಕುವ ಮೊದಲು ಒಂದು ಗಾಜಿನ ಹಲಗೆ ಮುಚ್ಚಿ ನೋಡಿ.

ಡಬ್ಬಿಯ ಮೇಲಿನ ವಾಟ್ ನಿಮ್ಮ ಮನೆಯಲ್ಲಿ ಸಿಗದೆಯೂ ಇರಬಹುದು. ಹೀಟರ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ: 230 ವೋಲ್ಟ್‌ಗೆ ಮಾಡಿದ 100 ವಾಟ್ ಹೀಟರ್ 200 ವೋಲ್ಟ್‌ನಲ್ಲಿ ಕೊಡುವುದು ಸುಮಾರು 76. ಸಂಜೆ ವೋಲ್ಟೇಜ್ ಕುಸಿಯುವ ಕಡೆ ‘ಹೀಟರ್ ಸಾಲುತ್ತಿಲ್ಲ’ ಎಂಬ ದೂರಿಗೆ ಇದೂ ಒಂದು ಕಾರಣ.

ಕಂಟ್ರೋಲರ್ ಬೇಕೇ ಎಂದು ಕೇಳಿದರೆ, ಬೇಕು. ಜೋಡಣೆ ಹೀಗೆ: ಕಂಟ್ರೋಲರ್‌ನಲ್ಲಿ 26 ಡಿಗ್ರಿ, ಅಂತರ 0.5. ಹೀಟರ್‌ಗಳ ಮೇಲಿನ, ಉಷ್ಣಾಂಶ ಗೊತ್ತುಮಾಡುವ ತಿರುಗಣೆಯನ್ನು 28ಕ್ಕೆ ಇಡಿ. ನೀರು 25.5ಕ್ಕೆ ಇಳಿದಾಗ ಕಂಟ್ರೋಲರ್ ಹೊತ್ತಿಸುತ್ತದೆ, 26ಕ್ಕೆ ಆರಿಸುತ್ತದೆ. ಹೀಟರ್‌ನೊಳಗಿನ ಬೈಮೆಟಲ್ 28 ಬರುವವರೆಗೂ ಬಿಡಿಸಿಕೊಳ್ಳುವ ಪ್ರಸಂಗವೇ ಇಲ್ಲ, ಹಾಗಾಗಿ ಕಿಡಿಯೂ ಇಲ್ಲ. ಹೀಟರ್‌ನ ಅತಿ ದುರ್ಬಲ ಭಾಗ ಹೀಗೆ ಬಹುತೇಕ ಸವೆಯದೆ ಉಳಿಯುತ್ತದೆ. ಒಂದು ವೇಳೆ ಕಂಟ್ರೋಲರ್‌ನೊಳಗಿನ ಸ್ವಿಚ್ಚಾದ ರಿಲೇ ಅಂಟಿಕೊಂಡರೆ (ರಿಲೇ ಕೂಡ ಅಂಟುತ್ತದೆ) ಬೈಮೆಟಲ್ 28ಕ್ಕೆ ತಡೆಯುತ್ತದೆ. ನೀರು ಕಾದು ಕೆಡಬೇಕಾದರೆ ಎರಡೂ ಒಟ್ಟಿಗೆ ಕೆಡಬೇಕು. ತಿರುಗಣೆಯನ್ನು ಕಡೆಯವರೆಗೆ ತಿರುಗಿಸಿ 34ಕ್ಕೆ ಇಟ್ಟು ‘ಕಂಟ್ರೋಲರ್ ನೋಡಿಕೊಳ್ಳುತ್ತದೆ’ ಎಂದು ಬಿಡುವವರು ಈ ಎರಡನೆಯ ಕಾವಲನ್ನು ತಾವೇ ಕಿತ್ತುಹಾಕಿದಂತೆ. ಎರಡು ಹೀಟರ್‌ಗಳೂ ಸೇರಿ 230 ವೋಲ್ಟ್‌ನಲ್ಲಿ ಎಳೆಯುವುದು ಒಂದು ಆಂಪಿಯರ್‌ಗೂ ಕಡಿಮೆ, 10 ಆಂಪಿಯರ್ ರಿಲೇಗೆ ಅದು ಏನೂ ಅಲ್ಲ.

ಈ ಜೋಡಣೆಯ ನಿಜವಾದ ತಲೆನೋವು ಪ್ರೋಬ್, ಅಂದರೆ ನೀರಿನಲ್ಲಿದ್ದು ಕಂಟ್ರೋಲರ್‌ಗೆ ಉಷ್ಣಾಂಶ ತಿಳಿಸುವ ತುದಿ. ಅದನ್ನು ಹಿಡಿದಿಡುವ ರಬ್ಬರ್ ಸಕ್ಷನ್ ಕಪ್ ಕೆಲವು ತಿಂಗಳಲ್ಲಿ ಗಟ್ಟಿಯಾಗಿ ಗಾಜು ಬಿಡುತ್ತದೆ. ಪ್ರೋಬ್ ನೀರಿನಿಂದ ಹೊರಬಿದ್ದರೆ ಅದು ಓದುವುದು ಕೋಣೆಯ ಗಾಳಿಯನ್ನು, ಕಂಟ್ರೋಲರ್ ಹೀಟರ್ ಆರಿಸುವುದೇ ಇಲ್ಲ. ಆಗ ಕಾಪಾಡುವುದು ಮತ್ತೆ 28ರ ತಿರುಗಣೆಯೇ. ಸಕ್ಷನ್ ಕಪ್ ನಂಬದೆ ಪ್ರೋಬ್‌ನ ವೈರನ್ನು ತೊಟ್ಟಿಯ ಅಂಚಿಗೆ ಕ್ಲಿಪ್ ಹಾಕಿ, ಇಲ್ಲವೇ ಫಿಲ್ಟರ್ ಪೈಪಿಗೆ ಕೇಬಲ್ ಟೈನಿಂದ ಬಿಗಿಯಿರಿ. ಜಾಗ: ಹೀಟರ್‌ನಿಂದ ದೂರದ ತುದಿ, ಅರ್ಧ ಆಳ. ಹೀಟರ್ ಪಕ್ಕದಲ್ಲೇ ಇಟ್ಟರೆ ಎರಡು ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತಿರುತ್ತದೆ, ತೊಟ್ಟಿಯ ಇನ್ನೊಂದು ತುದಿ ತಣ್ಣಗೇ ಇರುತ್ತದೆ.

ಕಂಟ್ರೋಲರ್ ಪೂರ್ತಿ ಸತ್ತರೆ ಎರಡೂ ಹೀಟರ್ ಆರುತ್ತವಲ್ಲ ಎಂಬ ಆಕ್ಷೇಪ ನಿಜ. ಆದರೆ ಮುಚ್ಚಳವಿರುವ 200 ಲೀಟರ್ ನೀರು 20 ಡಿಗ್ರಿ ಕೋಣೆಯಲ್ಲಿ 8 ಗಂಟೆಗೆ ಕಳೆದುಕೊಳ್ಳುವುದು ಸುಮಾರು 2 ಡಿಗ್ರಿ. ಕರೆಂಟ್ ಹೋದಾಗಲೂ ಇದೇ ಲೆಕ್ಕ; ತೊಟ್ಟಿಗೆ ಕಂಬಳಿ ಸುತ್ತಿದರೆ ಇನ್ನೂ ನಿಧಾನ. ಬ್ಯಾಟರಿ ಇದ್ದರೆ ಅದನ್ನು ಹೀಟರ್‌ಗೆ ಖರ್ಚು ಮಾಡದೆ ಏರ್ ಪಂಪ್‌ಗೆ ಉಳಿಸಿ. 30 ಲೀಟರ್‌ನ ಪುಟ್ಟ ತೊಟ್ಟಿಗೆ ಈ ನಿರಾಳ ಅನ್ವಯಿಸುವುದಿಲ್ಲ, ಅದು ಬಹಳ ಬೇಗ ತಣಿಯುತ್ತದೆ, ಅಷ್ಟೇ ಬೇಗ ಕಾಯುತ್ತದೆ ಕೂಡ.

ಹೊಸ ಹೀಟರನ್ನು ನೇರ ಮೀನಿನ ತೊಟ್ಟಿಗೆ ಇಳಿಸಬೇಡಿ. ಬಕೆಟ್ ನೀರಿನಲ್ಲಿ ಎರಡು ದಿನ ಓಡಿಸಿ, ಥರ್ಮಾಮೀಟರ್ ಜೊತೆ ಹೋಲಿಸಿ. ತಯಾರಿಕೆಯ ದೋಷವಿದ್ದರೆ ಹೆಚ್ಚಾಗಿ ಈ ಮೊದಲ ದಿನಗಳಲ್ಲೇ ಹೊರಬರುತ್ತದೆ. ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಪುಡಿಮಾಡಿದ ಮಂಜುಗಡ್ಡೆ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದ್ದಿ, ಸೊನ್ನೆ ತೋರಿಸಬೇಕು. ಗಾಜಿನ ಹೊರಗೆ ಅಂಟಿಸುವ ಪಟ್ಟಿ ಥರ್ಮಾಮೀಟರನ್ನು ಈ ಕೆಲಸಕ್ಕೆ ನಂಬಲಾಗದು, ಕೋಣೆಯ ಗಾಳಿ ಅದನ್ನು ಎಳೆದಾಡುತ್ತದೆ. ತಿರುಗಣೆಯ ಅಂಕಿಗೂ ನೀರಿಗೂ 1ರಿಂದ 2 ಡಿಗ್ರಿ ವ್ಯತ್ಯಾಸವಿರುವುದು ಮಾಮೂಲು. ಐಹೈಮ್ ಕಂಪನಿಯ ಯೇಗರ್ ಹೀಟರ್‌ಗಳಲ್ಲಿ ಈ ವ್ಯತ್ಯಾಸ ಸರಿಹೊಂದಿಸಿಕೊಳ್ಳುವ ವ್ಯವಸ್ಥೆಯಿದೆ, ನೀರಿಲ್ಲದಾಗ ತಾನೇ ಆರುವ ಸೌಲಭ್ಯವೂ ಇದೆ. ಫ್ಲೂವಲ್ ಕಂಪನಿಯ ಇ ಸರಣಿ ನೀರಿನ ಉಷ್ಣಾಂಶವನ್ನು ಪರದೆಯ ಮೇಲೆ ತೋರಿಸಿ, ಏರುಪೇರಾದರೆ ಬಣ್ಣ ಬದಲಿಸುತ್ತದೆ. ದೂರದಿಂದಲೇ ಗೊತ್ತಾಗುವುದರಿಂದ ಇದು ಶೋಕಿಯಲ್ಲ, ಕೆಲಸಕ್ಕೆ ಬರುವ ಸಂಗತಿ.

ಗಾಜಿನ ಹೀಟರ್ ಒಡೆಯುವುದು ಹೆಚ್ಚಾಗಿ ನೀರು ಬದಲಿಸುವಾಗ. ಮಟ್ಟ ಇಳಿದು ಕಾದ ಗಾಜು ಗಾಳಿಗೆ ತೆರೆದುಕೊಳ್ಳುತ್ತದೆ, ಆಮೇಲೆ ತಣ್ಣೀರು ಬೀಳುತ್ತದೆ. ಬಕೆಟ್ ಎತ್ತುವ ಮೊದಲೇ ಪ್ಲಗ್ ಕೀಳಿ, 20 ನಿಮಿಷ ತಣಿಯಲು ಬಿಡಿ. ಹೊಸದಾಗಿ ಮುಳುಗಿಸಿದಾಗಲೂ ಅಷ್ಟೇ ಹೊತ್ತು ಕಾದು ಪ್ಲಗ್ ಹಾಕಿ. ಪೂರ್ತಿ ಮುಳುಗುವ ಮಾದರಿಯಾದರೆ ತಳದ ಹತ್ತಿರ ಅಡ್ಡಡ್ಡ ಇಡುವುದು ಒಳ್ಳೆಯದು, ನೀರು ಇಳಿದರೂ ಹೊರಗೆ ಕಾಣಿಸಿಕೊಳ್ಳುವುದಿಲ್ಲ. ಫಿಲ್ಟರ್‌ನ ನೀರು ಅದರ ಮೇಲೆ ಹಾದುಹೋಗಬೇಕು. ಜಲ್ಲಿಯಲ್ಲಿ ಹೂಳಬಾರದು: ಹೂತ ಭಾಗದ ಶಾಖ ಹೊರಹೋಗದೆ ಗಾಜು ಬಿರಿಯುತ್ತದೆ. ಆಸ್ಕರ್‌ನಂಥ ದೊಡ್ಡ ಸಿಕ್ಲಿಡ್ ಜಾತಿಯ ಮೀನುಗಳು ಹೀಟರನ್ನು ಗುದ್ದುತ್ತವೆ, ಪ್ಲೆಕೊ ಮೀನುಗಳು ಅದಕ್ಕೇ ಅಂಟಿ ಕೂತು ಮೈ ಸುಟ್ಟುಕೊಳ್ಳುತ್ತವೆ. ಇವಿರುವ ತೊಟ್ಟಿಗೆ ಪ್ಲಾಸ್ಟಿಕ್ ಜಾಲರಿ ಕವಚ ಬೇಕೇ ಬೇಕು.

ವಿದ್ಯುತ್ ಸುರಕ್ಷತೆಯಲ್ಲಿ ರಾಜಿಯಿಲ್ಲ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ ಸ್ವಿಚ್), ಸರಿಯಾದ ಅರ್ಥಿಂಗ್, ವೈರು ಸಾಕೆಟ್ಟಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವ ಬಳುಕು. ವೈರಿನ ಗುಂಟ ಇಳಿದ ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಸೇರುವುದಿಲ್ಲ. ಕಂಟ್ರೋಲರ್ ‘ಆಫ್’ ತೋರಿಸಿದ ಮಾತ್ರಕ್ಕೆ ಹೀಟರ್‌ನಲ್ಲಿ ಕರೆಂಟ್ ಇಲ್ಲ ಎಂದುಕೊಳ್ಳಬಾರದು. ಬಹಳಷ್ಟು ಕಂಟ್ರೋಲರ್‌ಗಳು ಒಂದೇ ತಂತಿಯನ್ನು ಕಡಿಯುತ್ತವೆ, ಪ್ಲಗ್ ತಿರುವುಮುರುವಾಗಿದ್ದರೆ ಫೇಸ್ ಹಾಗೇ ಉಳಿದಿರುತ್ತದೆ. ಕೈ ಹಾಕುವ ಮೊದಲು ಪ್ಲಗ್ ಕಿತ್ತೇ ಹಾಕಿ.

ನಿರ್ವಹಣೆ ಹೆಚ್ಚೇನಿಲ್ಲ. ಗಡಸು ನೀರಿನಲ್ಲಿ ಹೀಟರ್ ಮೇಲೆ ಬಿಳಿ ಸುಣ್ಣದ ಪದರ ಕಟ್ಟುತ್ತದೆ. ಪದರ ದಪ್ಪವಾದಂತೆ ಶಾಖ ಒಳಗೇ ಉಳಿದು, ಬೈಮೆಟಲ್ ನೀರಿಗಿಂತ ಮೊದಲೇ ಬಿಸಿಯಾಗಿ ಬೇಗ ಆರಿಸುತ್ತದೆ. ತಣಿದ ಹೀಟರ್‌ನ ಗಾಜಿನ ಭಾಗವನ್ನಷ್ಟೇ ಅರ್ಧ ವಿನಿಗರ್, ಅರ್ಧ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮೆತ್ತಗೆ ಉಜ್ಜಿ, ಚೆನ್ನಾಗಿ ತೊಳೆಯಿರಿ. ಗಾಜಿನೊಳಗೆ ತೇವದ ಹನಿ ಕಂಡರೆ ರಿಪೇರಿ ಯೋಚನೆ ಬೇಡ, ಸೀಲ್ ಹೋಗಿದೆ, ಅದು ಕಸಕ್ಕೆ. ನೀರಿನ ಉಷ್ಣಾಂಶ ತಿರುಗಣೆಯ ಅಂಕಿಗಿಂತ ಮೇಲಿದ್ದರೂ ದೀಪ ಆರದಿದ್ದರೆ ಅದೂ ಅಷ್ಟೇ. ಒಳಗಿನ ಥರ್ಮೋಸ್ಟಾಟ್‌ನಿಂದಲೇ ಓಡುವ ಹೀಟರನ್ನು ಎರಡು ಮೂರು ವರ್ಷಕ್ಕೆ ಬದಲಿಸುವುದು ಜಾಣತನ.

ಟೈಟೇನಿಯಂ ಹೀಟರ್ ಒಡೆಯುವುದಿಲ್ಲ, ಉಪ್ಪುನೀರಿಗೂ ಜಗ್ಗುವುದಿಲ್ಲ. ದೊಡ್ಡ ಸಿಕ್ಲಿಡ್ ಸಾಕುವವರಿಗೆ ಅದೇ ಸರಿ. ಆದರೆ ಹಲವು ಟೈಟೇನಿಯಂ ಮಾದರಿಗಳೊಳಗೆ ಥರ್ಮೋಸ್ಟಾಟ್ ಇರುವುದೇ ಇಲ್ಲ, ಪೂರ್ತಿ ಹೊರಗಿನ ಕಂಟ್ರೋಲರ್ ಮೇಲೆ ನಿಂತಿರುತ್ತವೆ. ಅಲ್ಲಿ ರಿಲೇ ಅಂಟಿದರೆ ತಡೆಯುವವರಿಲ್ಲ, ಹಾಗಾಗಿ ವಾಟ್ ಇನ್ನೂ ಬಿಗಿಯಾಗಿ ಲೆಕ್ಕ ಹಾಕಬೇಕು.

ಗೋಲ್ಡ್‌ಫಿಶ್ ಸಾಕುವವರಿಗೆ ಮನೆಯೊಳಗೆ ಹೀಟರ್ ಸಾಮಾನ್ಯವಾಗಿ ಬೇಕಿಲ್ಲ. ಬೆಟ್ಟಾ ಮೀನಿಗೆ 25ರಿಂದ 28 ಡಿಗ್ರಿ, ಡಿಸ್ಕಸ್ ಮೀನಿಗೆ 28ರಿಂದ 30. ಡಿಸ್ಕಸ್ ತೊಟ್ಟಿಯಲ್ಲಿ ಕಂಟ್ರೋಲರ್ 29 ಇದ್ದರೆ ತಿರುಗಣೆ 31. ಬೇಸಿಗೆ ಬಂದು ಕೋಣೆಯೇ 30 ಮುಟ್ಟಿದಾಗ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ: ಅಂಟಿಕೊಂಡ 100 ವಾಟ್ ಕೂಡ ನೀರನ್ನು 39ಕ್ಕೆ ಒಯ್ಯಬಲ್ಲದು. ಆ ತಿಂಗಳುಗಳಲ್ಲಿ ಹೀಟರನ್ನು ತೊಟ್ಟಿಯಲ್ಲೇ ಬಿಟ್ಟರೂ ಪ್ಲಗ್ ಮಾತ್ರ ಸಾಕೆಟ್ಟಿನಲ್ಲಿರಬಾರದು.