ವಿಯೆನ್ನಾದಿಂದ ಬ್ರಾಟಿಸ್ಲಾವಾ: ಒಂದು ದಿನದ ಗೈಡ್ ಪ್ರವಾಸಕ್ಕೆ ಕೊಟ್ಟ ದುಡ್ಡು ದಕ್ಕುತ್ತದೆಯೇ?

ಬೆಳಿಗ್ಗೆ ಬಸ್ಸು, ಸ್ಲೊವಾಕಿಯಾದ ರಾಜಧಾನಿಯಲ್ಲಿ ಗೈಡ್ ಜೊತೆ ಎರಡು ಗಂಟೆ ನಡಿಗೆ, ಊಟಕ್ಕೆ ಬಿಡುವು, ಸಂಜೆ ಡಾನ್ಯೂಬ್ ನದಿಯಲ್ಲಿ ದೋಣಿ ಹತ್ತಿ ವಾಪಸ್ಸು. ವಿಯೆನ್ನಾದಲ್ಲಿ ಮಾರುವ ಬ್ರಾಟಿಸ್ಲಾವಾ ಪ್ಯಾಕೇಜ್‌ಗಳ ಕಾರ್ಯಕ್ರಮ ಹೆಚ್ಚುಕಡಿಮೆ ಇಷ್ಟೇ. ಎರಡು ರಾಜಧಾನಿಗಳ ನಡುವಿನ ದೂರ ಸುಮಾರು 60 ಕಿ.ಮೀ., ರೈಲಿನಲ್ಲಿ ಒಂದು ಗಂಟೆ. ಹಾಗಾಗಿ ಪ್ರಯಾಣದ ಮಟ್ಟಿಗೆ ಯಾರ ಸಹಾಯವೂ ಬೇಕಿಲ್ಲ. ಈ ಪ್ಯಾಕೇಜ್‌ನಲ್ಲಿ ದುಡ್ಡು ಕೊಡುವಂಥದ್ದು ಆ ಎರಡು ಗಂಟೆಯ ನಡಿಗೆ ಮಾತ್ರ. ಅದು ಚೆನ್ನಾಗಿದ್ದರೆ ಉಳಿದದ್ದನ್ನು ಸಹಿಸಿಕೊಳ್ಳಬಹುದು.

ಮೊದಲು ದೋಣಿಯ ವಿಚಾರ, ಏಕೆಂದರೆ ಹೆಚ್ಚಿನ ಪ್ಯಾಕೇಜ್‌ಗಳು ಎಡವುವುದೇ ಇಲ್ಲಿ. ಟ್ವಿನ್ ಸಿಟಿ ಲೈನರ್ ಎಂಬ ವೇಗದ ಕ್ಯಾಟಮರಾನ್ (ಜೋಡಿ ಒಡಲಿನ ದೋಣಿ) ವಿಯೆನ್ನಾದ ಶ್ವೇಡೆನ್‌ಪ್ಲಾಟ್ಸ್ ಕಟ್ಟೆಯಿಂದ ಹೊರಡುತ್ತದೆ. ನೀರು ಹರಿಯುವ ದಿಕ್ಕಿನಲ್ಲಿ ಹೋಗುವಾಗ 75 ನಿಮಿಷ, ಎದುರು ಈಜಿಕೊಂಡು ಬರುವಾಗ 90. ಮೊದಲಿಗೆ ನಗರದ ಕಾಲುವೆಯಲ್ಲಿ ನಿಧಾನವಾಗಿ ಸಾಗಿ, ಹೊಳೆ ಸೇರಿದ ಮೇಲೆ ವೇಗ ಹಿಡಿಯುತ್ತದೆ. ಮಧ್ಯದ ದಾರಿಯೆಲ್ಲ ಎರಡೂ ದಡದಲ್ಲಿ ಕಾಡೇ ಕಾಡು. ನೋಡುವಂಥ ಹೈನ್‌ಬುರ್ಗ್ ಬೆಟ್ಟ, ಡೆವಿನ್ ಕೋಟೆ ಎರಡೂ ಬ್ರಾಟಿಸ್ಲಾವಾದ ಹತ್ತಿರವೇ ಇವೆ. ಬೆಳಿಗ್ಗೆ ದೋಣಿಯಲ್ಲಿ ಹೋದರೆ ಅವು ಕೊನೆಗೆ, ಕಾದು ನೋಡುವಂತೆ ಬರುತ್ತವೆ. ಸಂಜೆಯಾದರೆ ಜನ ಸೀಟು ಹುಡುಕುವಷ್ಟರಲ್ಲಿ ಮುಗಿದುಹೋಗಿ, ಉಳಿದ ಹೊತ್ತೆಲ್ಲ ಬರೀ ಮರ ನೋಡುತ್ತಾ ತೂಕಡಿಸಬೇಕು. ಹೋಗುವಾಗ ದೋಣಿ, ಬರುವಾಗ ಬಸ್ಸು ಅಥವಾ ರೈಲು ಇರುವ ಪ್ಯಾಕೇಜ್ ಸಿಕ್ಕರೆ ಅದನ್ನೇ ಹಿಡಿಯಿರಿ. ಎಡಗಡೆಯ ಕಿಟಕಿಯಲ್ಲಿ ಕೂತರೆ ಮೊರಾವಾ ನದಿ ಡಾನ್ಯೂಬನ್ನು ಸೇರುವಲ್ಲಿ, ಬಂಡೆಯ ಮೇಲೆ ಡೆವಿನ್ ಕಾಣುತ್ತದೆ. 1809ರಲ್ಲಿ ನೆಪೋಲಿಯನ್ನನ ಸೈನ್ಯ ಸಿಡಿಸಿದ ಕೋಟೆ ಅದು. ಶೀತಲ ಸಮರದ ಕಾಲದಲ್ಲಿ ಅದರ ಬುಡದಲ್ಲೇ ಮುಳ್ಳುತಂತಿಯ ಗಡಿಯಿತ್ತು.

ಹೊಳೆಯಲ್ಲಿ ನೀರು ತೀರಾ ಇಳಿದರೂ, ಪ್ರವಾಹ ಬಂದರೂ ದೋಣಿ ರದ್ದು. ಆಗ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ. ದೋಣಿಯ ಟಿಕೆಟ್ ಬಸ್ಸಿಗಿಂತ ಬಹಳ ದುಬಾರಿ, ಹಾಗಾಗಿ ವ್ಯತ್ಯಾಸದ ಹಣ ವಾಪಸ್ಸು ಬರುತ್ತದೆಯೇ ಎಂದು ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ.

ಇನ್ನು ನಡಿಗೆ. ಹಳೆಯ ಊರು ಚಿಕ್ಕದು, ವಾಹನಗಳಿಲ್ಲ, ಆದರೆ ದಾರಿಯೆಲ್ಲ ಉಬ್ಬುತಗ್ಗಿನ ಕಲ್ಲುಹಾಸು. ತೆಳು ಅಟ್ಟೆಯ ಚಪ್ಪಲಿ ಬೇಡ. ಮಿಖಾಯೆಲ್ ಬಾಗಿಲು, 1572ರ ಕಾರಂಜಿಯಿರುವ ಮುಖ್ಯ ಚೌಕ, ಮ್ಯಾನ್‌ಹೋಲಿನಿಂದ ತಲೆ ಹೊರಹಾಕಿದ ಚುಮಿಲ್ ಎಂಬ ಕಂಚಿನ ಗೊಂಬೆ (ಇದು 1997ರದ್ದು), ಇವನ್ನು ಎಲ್ಲ ಗೈಡ್‌ಗಳೂ ತೋರಿಸುತ್ತಾರೆ. ಗೈಡ್‌ನ ಯೋಗ್ಯತೆ ತಿಳಿಯುವುದು ಸೇಂಟ್ ಮಾರ್ಟಿನ್ ಚರ್ಚಿನ ಮುಂದೆ. 1563ರಿಂದ 1830ರವರೆಗೆ ಹಂಗೆರಿಯ ದೊರೆಗಳಿಗೆ ಪಟ್ಟಾಭಿಷೇಕ ಆಗಿದ್ದು ಇಲ್ಲಿ. 1741ರಲ್ಲಿ ಮಾರಿಯಾ ಥೆರೇಸಾಗೆ ಕೂಡ. ಹಂಗೆರಿಯ ದೊರೆಗೆ ಸ್ಲೊವಾಕಿಯಾದಲ್ಲೇಕೆ ಕಿರೀಟ ಎಂಬ ಪ್ರಶ್ನೆಗೆ, ಬುಡಾ ನಗರ ತುರ್ಕರ ಕೈಸೇರಿದ್ದರಿಂದ ರಾಜಧಾನಿಯೇ ಇಲ್ಲಿಗೆ ಬಂದಿತ್ತು ಎಂದು ಬಿಡಿಸಿ ಹೇಳುವವರು ಒಳ್ಳೆಯ ಗೈಡ್. ನೆಲದಲ್ಲಿ ಹೂತಿಟ್ಟ ಪುಟ್ಟ ಹಿತ್ತಾಳೆ ಕಿರೀಟಗಳು ಪಟ್ಟಾಭಿಷೇಕದ ಮೆರವಣಿಗೆಯ ದಾರಿಯನ್ನು ತೋರಿಸುತ್ತವೆ. ತೋರಿಸುವವರಿಲ್ಲದಿದ್ದರೆ ತುಳಿದುಕೊಂಡೇ ಹೋಗಿಬಿಡುತ್ತೇವೆ. ಚರ್ಚಿನ ಗೋಡೆಗೆ ತಾಗುವಂತೆ ಹೆದ್ದಾರಿ ಹಾದಿದೆ. 1972ರಲ್ಲಿ ತೆರೆದ, ಹಾರುವ ತಟ್ಟೆ ಹೊತ್ತಂತಿರುವ ಸೇತುವೆಯ ರಸ್ತೆ ಅದು. ಅದಕ್ಕಾಗಿ ಯಹೂದಿ ಕೇರಿಯ ಬಹುಭಾಗವನ್ನೇ ಕೆಡವಿದರು, ಚರ್ಚಿನ ಪಕ್ಕದ ಸಿನಗಾಗ್ (ಯಹೂದಿಗಳ ಪ್ರಾರ್ಥನಾ ಮಂದಿರ) ಕೂಡ ಉಳಿಯಲಿಲ್ಲ. ಸೇತುವೆಯನ್ನು ಬರೀ ಸೆಲ್ಫಿ ಜಾಗ ಎಂದು ದಾಟಿಸಿದರೆ ಅರ್ಧ ಊರನ್ನೇ ಬಚ್ಚಿಟ್ಟಂತೆ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಚರ್ಚಿನ ಒಳಗೆ ಬಿಡುವುದಿಲ್ಲ.

ಬುಕ್ ಮಾಡುವ ಮೊದಲು ಗೈಡ್ ಎಷ್ಟು ಭಾಷೆಯಲ್ಲಿ ಮಾತಾಡುತ್ತಾರೆ ಎಂದು ವಿಚಾರಿಸಿ. ಜರ್ಮನ್, ಇಂಗ್ಲಿಷ್ ಎರಡರಲ್ಲೂ ಹೇಳುವ ಗುಂಪಾದರೆ ನಿಮ್ಮ ಪಾಲಿಗೆ ಬರುವುದು ಎರಡು ಗಂಟೆಯಲ್ಲಿ ಒಂದೇ. ನಲವತ್ತು ಜನರ ಗುಂಪಿನಲ್ಲಿ ಕಿವಿಗೆ ಹಾಕುವ ರಿಸೀವರ್ ಕೊಡದಿದ್ದರೆ ಹಿಂದಿನ ಸಾಲಿನವರಿಗೆ ಅದೂ ಇಲ್ಲ.

ಬೆಟ್ಟದ ಮೇಲಿನ ಬಿಳಿ ಕೋಟೆಯನ್ನು ಸ್ಥಳೀಯರು ಮಗುಚಿಟ್ಟ ಮೇಜು ಎನ್ನುತ್ತಾರೆ. 1811ರಲ್ಲಿ ಸುಟ್ಟು, 1950ರ ದಶಕದವರೆಗೂ ಪಾಳುಬಿದ್ದಿತ್ತು, ಈಗಿನದು ಮರುಕಟ್ಟಿದ್ದು. ಅಂಗಳದಿಂದ ಹೊಳೆ ನೋಡಿದರೆ ಸಾಕು. ಉಳಿದ ಸಮಯಕ್ಕೆ ಪ್ರೈಮೇಟ್ (ಆರ್ಚ್‌ಬಿಷಪ್) ಅರಮನೆ ಮೇಲು: ನೆಪೋಲಿಯನ್‌ಗೂ ಆಸ್ಟ್ರಿಯಾಗೂ ಆದ 1805ರ ಪ್ರೆಸ್‌ಬುರ್ಗ್ (ಬ್ರಾಟಿಸ್ಲಾವಾದ ಹಳೆಯ ಹೆಸರು) ಒಪ್ಪಂದಕ್ಕೆ ಸಹಿ ಬಿದ್ದ ಕನ್ನಡಿ ಕೋಣೆ ಅಲ್ಲಿದೆ. 1903ರ ದುರಸ್ತಿಯಲ್ಲಿ ಸಿಕ್ಕ ಆರು ಇಂಗ್ಲಿಷ್ ನೇಯ್ಗೆಚಿತ್ರಗಳೂ ಅಲ್ಲೇ ಇವೆ.

ಸಸ್ಯಾಹಾರಿಗಳು ಊಟದಲ್ಲಿ ಎಚ್ಚರ. ಅಲ್ಲಿಯ ಹೆಸರುವಾಸಿ ತಿನಿಸು ಬ್ರಿಂಡ್ಜೊವೆ ಹಲುಷ್ಕಿ, ಅಂದರೆ ಆಲೂಗಡ್ಡೆ ಹಿಟ್ಟಿನ ಕಡುಬಿನ ತುಣುಕಿಗೆ ಕುರಿಹಾಲಿನ ಚೀಸ್. ಮೇಲೆ ಹುರಿದ ಹಂದಿಕೊಬ್ಬು ಉದುರಿಸಿಯೇ ತರುತ್ತಾರೆ. ‘ಬೆಜ಼್ ಸ್ಲಾನಿನಿ’ (ಹಂದಿಕೊಬ್ಬು ಇಲ್ಲದೆ) ಎಂದು ಮೊದಲೇ ಹೇಳಿ, ಒಗ್ಗರಣೆಗೂ ಆ ಕೊಬ್ಬು ಬೇಡವೆಂದು ಖಚಿತಪಡಿಸಿಕೊಳ್ಳಿ. ಬೆಳ್ಳುಳ್ಳಿ ಸೂಪಿಗೂ ಮಾಂಸದ ಸಾರು ಬಳಸುವುದುಂಟು. ‘ವಿಪ್ರಾಜ಼ನಿ ಸಿರ್’ ಎಂಬ ಕರಿದ ಚೀಸ್‌ನಲ್ಲಿ ಮಾಂಸವಿಲ್ಲ, ಮೊಟ್ಟೆ ಇರುತ್ತದೆ. ಮೊಟ್ಟೆಯೂ ಒಲ್ಲದವರು ವಿಯೆನ್ನಾದಿಂದಲೇ ಬುತ್ತಿ ಕಟ್ಟಿಕೊಳ್ಳುವುದು ನೆಮ್ಮದಿ.

ಎರಡೂ ದೇಶ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಒಳಗಿರುವುದರಿಂದ ಭಾರತದವರ ಸಿಂಗಲ್ ಎಂಟ್ರಿ ವೀಸಾ ಸಾಕು, ಗಡಿ ದಾಟಿದ್ದು ಮತ್ತೊಂದು ಎಂಟ್ರಿ ಆಗುವುದಿಲ್ಲ. ಪಾಸ್‌ಪೋರ್ಟ್ ಮಾತ್ರ ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ. ಬಸ್ಸು ನಿಲ್ಲಿಸಿ ತಪಾಸಣೆ ಮಾಡುವುದಿದೆ. ಹಣವೂ ಅದೇ ಯೂರೋ, 2009ರಿಂದ.

ನಡಿಗೆಯನ್ನು ಮಾತ್ರ ಬ್ರಾಟಿಸ್ಲಾವಾದಲ್ಲೇ ಬುಕ್ ಮಾಡಿ ರೈಲಿನಲ್ಲಿ ಹೋಗುವವರು ಒಂದು ನೆನಪಿಡಿ: ವಿಯೆನ್ನಾದಿಂದ ರೈಲು ಹೋಗುವುದು ಎರಡು ಬೇರೆ ಸ್ಟೇಷನ್ನುಗಳಿಗೆ. ಹ್ಲಾವ್ನಾ ಸ್ಟಾನಿಟ್ಸಾದಲ್ಲಿ (ಮುಖ್ಯ ಸ್ಟೇಷನ್) ಇಳಿದರೆ ಹಳೆಯ ಊರಿಗೆ ಇಳಿಜಾರಿನ ನಡಿಗೆ. ಪೆಟ್ರ್ಜ಼ಲ್ಕಾ ಇರುವುದು ಹೊಳೆಯ ಆಚೆ ದಡದಲ್ಲಿ, ಅಲ್ಲಿಂದ ಸೇತುವೆ ದಾಟಿಸುವ ಬಸ್ಸು ಹಿಡಿಯಬೇಕು. ಬಸ್ಸಿನ ಕಾಗದದ ಟಿಕೆಟನ್ನು ಹತ್ತಿದ ಕೂಡಲೇ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿ. ಮುದ್ರೆ ಇಲ್ಲದ ಟಿಕೆಟ್‌ಗೆ ದಂಡ ಬೀಳುತ್ತದೆ.