ತೆರೆದ ಚಿಲ್ಲರ್ ಮತ್ತು ಬಾಗಿಲಿನ ಚಿಲ್ಲರ್: ಎರಡನ್ನೂ ಓಡಿಸಿದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಬಾಗಿಲಿನ ಪಕ್ಷ. ಕುಂದಾಪುರದ ಹತ್ತಿರ ನನ್ನದೊಂದು ಸಣ್ಣ ಸೂಪರ್ ಮಾರ್ಕೆಟ್. ಮುಚ್ಚಿಹೋದ ಅಂಗಡಿಯೊಂದರಿಂದ ಆರಡಿಯ ತೆರೆದ ಚಿಲ್ಲರ್, ಅಂದರೆ ಹಾಲು ಮೊಸರು ತಣ್ಣಗಿಡುವ ಬಾಗಿಲಿಲ್ಲದ ಕಪಾಟು, 38 ಸಾವಿರಕ್ಕೆ ಸಿಕ್ಕಿತೆಂದು ಹೊತ್ತು ತಂದೆ. 'ಬಾಗಿಲಿಲ್ಲದಿದ್ದರೆ ಗಿರಾಕಿ ಸಲೀಸಾಗಿ ಕೈ ಹಾಕ್ತಾನೆ' ಎಂದವರ ಮಾತೂ ಕಿವಿಯಲ್ಲಿತ್ತು. ಎರಡು ವರ್ಷ ಅದರ ಸೇವೆ ಮಾಡಿ, ಆಮೇಲೆ ಸಾಲ ಮಾಡಿ ಗಾಜಿನ ಬಾಗಿಲಿನದ್ದು ತಂದೆ.

ಒಂದು ತಿಂಗಳು ಎರಡನ್ನೂ ಅಕ್ಕಪಕ್ಕ ಓಡಿಸಿ, ಒಂದೊಂದರ ಕರೆಂಟು ಬೇರೆ ಬೇರೆ ಅಳೆಯುವ ಸಬ್ ಮೀಟರ್ ನೋಡಿದೆ. ತೆರೆದದ್ದು ದಿನಕ್ಕೆ 28 ಯೂನಿಟ್ ಆಸುಪಾಸು, ಬಾಗಿಲಿನದ್ದು 13. ತೆರೆದದ್ದರ ಮುಂದೆ ಚಪ್ಪಲಿ ಹಾಕಿ ನಿಂತರೆ ಕಾಲ್ಬೆರಳು ತಣ್ಣಗಾಗುತ್ತದೆ, ನಾವು ದುಡ್ಡು ಕೊಟ್ಟ ಚಳಿ ಹೋಗುತ್ತಿರುವುದು ಅಲ್ಲಿಗೇ. ಆ ಚಳಿ ಜಾಗ ಬಿಟ್ಟ ಕಡೆಯಿಂದ ಕರಾವಳಿಯ ಹಸಿಗಾಳಿ ಒಳಗೆ ನುಗ್ಗಿ, ತಂಪು ಮಾಡುವ ಕೊಳವೆಯ ಸುರುಳಿಯಾದ ಕಾಯಿಲಿನ ಮೇಲೆ ಮಂಜು ಕಟ್ಟುತ್ತದೆ, ಅದನ್ನು ಕರಗಿಸಲು ಮತ್ತೆ ಕರೆಂಟು. ಆಷಾಢದಲ್ಲಿ ಟ್ರೇ ತುಂಬಿ ನೆಲಕ್ಕೆ ಹರಿದ ನೀರು ಒರೆಸುವುದೇ ಹುಡುಗನಿಗೆ ಕೆಲಸ.

ಕರೆಂಟಿಗಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಚಿಲ್ಲರಿನೊಳಗೆ ತಂಪು ಹುಟ್ಟಿಸುವ ಗ್ಯಾಸು. ಹಳೆಯದರಲ್ಲಿದ್ದದ್ದು ಆರ್-404ಎ. ಅದರ ಒಂದು ಕೆಜಿ ಸೋರಿದರೆ ಸುಮಾರು 3,900 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು. ಜಾಯಿಂಟಿನಲ್ಲಿ ಸೋರಿ ಒಮ್ಮೆ ಒಂದೂವರೆ ಕೆಜಿ ತುಂಬಿಸಿದ್ದೆ. ನಮ್ಮ ದೇಶದ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಎಂದು ಹಿಡಿದರೆ, ಆ ಒಂದು ಸೋರಿಕೆ ಚಿಲ್ಲರನ್ನು ಹತ್ತು ತಿಂಗಳು ಓಡಿಸಿದ್ದಕ್ಕೆ ಸಮ! ಹೊಸದರಲ್ಲಿರುವುದು ಆರ್-290, ಅಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ಸಂಬಂಧಿ. ಅದೂ 150 ಗ್ರಾಂ ಒಳಗೇ. ಬೆಂಕಿ ಹಿಡಿಯುವ ಗ್ಯಾಸಾದ್ದರಿಂದ ರಿಪೇರಿಗೆ ತಿಳಿದವನೇ ಬೇಕು.

ಇನ್ನು ಬಾಗಿಲಿನ ಕಿರಿಕಿರಿ. ಬೆಳಗ್ಗೆ ಆರರಿಂದ ಎಂಟರವರೆಗೆ ಹಾಲಿನ ರಶ್ಶು. ಬಾಗಿಲು ತೆಗೆದ ಕೂಡಲೇ ಹಸಿಗಾಳಿ ತಣ್ಣನೆಯ ಗಾಜಿನ ಒಳಮೈಗೆ ತಾಗಿ ಹಬೆ ಹಿಡಿಯುತ್ತದೆ. ಮುಚ್ಚಿದ ಮೇಲೂ ಎರಡು ಮೂರು ನಿಮಿಷ ಮಸುಕು. 'ಒಳಗೆ ಎಂತ ಇತ್ ಅಂದೇ ಕಾಣ್ತಿಲ್ಲೆ ಮಾರಾಯಾ' ಎನ್ನುತ್ತಾ ಮೊಸರಿಗೆ ಬಂದ ಅಜ್ಜಿ ಬಾಗಿಲನ್ನು ಅಗಲಿಸಿ ಹಿಡಿದು, ಒಂದೊಂದೇ ಪ್ಯಾಕೆಟಿನ ತಾರೀಖು ಓದುತ್ತಾರೆ. ಅಷ್ಟರಲ್ಲಿ ಹಬೆ ದುಪ್ಪಟ್ಟು. ಅವರ ಹಿಂದಿನವರಿಗೂ ಕಾಣುವುದಿಲ್ಲ, ಅವರೂ ಅಗಲಿಸಿ ನಿಲ್ಲುತ್ತಾರೆ.

ಬಟ್ಟೆಯಲ್ಲಿ ಒರೆಸಿದೆ, ಗಾಜೆಲ್ಲ ಗೀರುಗೀರು. ಹಬೆ ಹಿಡಿಯದಂತೆ ಬಾಗಿಲನ್ನು ಬೆಚ್ಚಗಿಡುವ ಚೌಕಟ್ಟಿನ ಹೀಟರ್ ಹಾಕಿದೆ, ಕೊಂಚ ಸುಧಾರಿಸಿತು, ಆದರೆ ಚಳಿಯ ಡಬ್ಬಿಗೆ ಬಿಸಿ ಕೊಡಲು ಕರೆಂಟು ತೆರುವುದು ಯಾವ ನ್ಯಾಯ? ಕೊನೆಗೆ ದಾರಿ ಸಿಕ್ಕಿದ್ದು ಮೀನಿನವರ ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಹೊಸ ಪೆಟ್ಟಿಗೆ ಎರಡು ತಂದು, ಬೆಳಗಿನ ಹಾಲು ಮೊಸರನ್ನು ಐಸ್ ಹಾಕಿ ಕೌಂಟರಿನ ಪಕ್ಕವೇ ಇಟ್ಟೆ. ರಶ್ಶಿನ ಹೊತ್ತು ಬಾಗಿಲು ತೆಗೆಯುವವರೇ ಕಡಿಮೆ. ಹೀಟರ್ ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ಅದೂ ಹಗಲು.

ತೆರೆದದ್ದಕ್ಕೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿಯೂ ನೋಡಿದ್ದೆ. ಮುಖಕ್ಕೆ ತಾಗುತ್ತದೆಂದು ಗಿರಾಕಿಗಳೇ ಕಿತ್ತು ಮೇಲೆ ಸಿಕ್ಕಿಸಿದರು. ರಾತ್ರಿ ಇಳಿಸುವ ಕರ್ಟನ್ ಒಳ್ಳೆಯದೇ, ಆದರೆ ಅಂಗಡಿ ಮುಚ್ಚಿದ ಹೊತ್ತಿಗೆ ಮಾತ್ರ. ಬಾಗಿಲಿನದ್ದು ಬಂದ ಮೇಲೆ ವ್ಯಾಪಾರ ಬಿತ್ತೇ? ಮಜ್ಜಿಗೆ ಪ್ಯಾಕೆಟ್ ಮೊದಲ ವಾರ ಕಡಿಮೆ ಹೋಯಿತು, ಅಷ್ಟೇ.

ನಮ್ಮದು ಏಸಿ ಇಲ್ಲದ ಅಂಗಡಿ, ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತೂವರೆಯವರೆಗೆ ತೆರೆದೇ ಇರುತ್ತದೆ. ತಿಂಗಳಿಗೆ 450 ಯೂನಿಟ್ ಉಳಿದದ್ದು ಸಾಲದ ಕಂತಿನ ಬಹುಪಾಲು ಕಟ್ಟುತ್ತಿದೆ. ಹಾಗಾಗಿ ನನಗೆ ಇದೇ ಸರಿ. ಹಳೆಯ ಚಿಲ್ಲರ್ ಇನ್ನೂ ಹಿಂದಿನ ಶೆಡ್ಡಿನಲ್ಲಿದೆ, ಪೊರಕೆ ಬಕೆಟ್ಟು ಇಡಲು. ಗುಜರಿಯವನು ಎರಡು ಸಲ ಬಂದು ಹೋದ. ಅವನು ಪೈಪ್ ಕತ್ತರಿಸುವ ಮುಂಚೆ ಒಳಗಿನ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಮೆಕ್ಯಾನಿಕ್ ಸಿಗಬೇಕಲ್ಲ, ಹುಡುಕುತ್ತಿದ್ದೇನೆ.