ರಿಂಗ್ ರೋಡ್ ಆಚೆಯ ಪ್ಲಾಟಿಗೆ ಇಸಾರ ಕೊಡುವ ಮುನ್ನ

ಕಲಬುರಗಿಯಲ್ಲಿ ಪ್ಲಾಟ್ ತೋರಿಸಲು ಕರೆದೊಯ್ಯುವವರ ಮಾತು ಈಗ ಒಂದೇ: "ಇವತ್ತ ತಗೊಂಡ್ರ ತಗೊಂಡಂಗ, ನಾಳಿಗಿ ರೇಟ್ ಕೇಳಬ್ಯಾಡ್ರಿ." ಸರ್ಕಾರ ಬದಲಾಗುತ್ತದೆ, ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ಏರುತ್ತದೆ, ಬ್ಯಾಂಕ್ ಬಡ್ಡಿ ಏರುತ್ತದೆ, ಹೀಗೆ ಒಂದರ ಮೇಲೊಂದು ಹೆದರಿಕೆ. ಈ ಅವಸರಕ್ಕೆ ಬಲಿಯಾದ ಒಂದು ವ್ಯವಹಾರದ ವಿವರ ಕೆಳಗಿದೆ. ಹೆಸರು, ಲೇಔಟು ಬೇಡ. ಎಲ್ಲಿ ಕೆಟ್ಟಿತು ಅನ್ನುವುದು ತಿಳಿದರೆ ಸಾಕು.

30×40ರ ಪ್ಲಾಟು. ಚದರಡಿಗೆ 1,500 ರೂಪಾಯಿಯಂತೆ 18 ಲಕ್ಷ. ಇಸಾರ, ಅಂದರೆ ಮುಂಗಡ, 6 ಲಕ್ಷ. ಅದರಲ್ಲಿ ಒಂದೂವರೆ ಲಕ್ಷ ಚೆಕ್, ಉಳಿದ ನಾಲ್ಕೂವರೆ ಲಕ್ಷ ನಗದು. ಬಾಂಡ್ ಪೇಪರಿನ ಮೇಲೆ ಕರಾರು, ನೋಟರಿ ಮುದ್ರೆ, ಮೂರು ತಿಂಗಳಲ್ಲಿ ಖರೀದಿ ಪತ್ರ ಮಾಡಿಕೊಡುವ ವಾಯಿದೆ. "ಎನ್‌ಎ ಆಗೇದ್ರಿ, ಇನ್ನೇನಿಲ್ಲ" ಎಂಬ ಭರವಸೆ; ಎನ್‌ಎ ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ್ದು. ಬ್ರೋಷರಿನಲ್ಲಿ ವಿಮಾನ ನಿಲ್ದಾಣ, ಜವಳಿ ಪಾರ್ಕು, ರೈಲ್ವೆ ವಿಭಾಗ ಎಲ್ಲವೂ ಹತ್ತು ನಿಮಿಷದ ದಾರಿ. (ವರ್ಷಗಳ ಹಿಂದೆ ಘೋಷಣೆಯಾದ ರೈಲ್ವೆ ವಿಭಾಗದ ಹೆಸರಲ್ಲಿ ಈ ಊರಲ್ಲಿ ಎಷ್ಟು ಪ್ಲಾಟು ಮಾರಿದರೋ!)

ವಾಯಿದೆ ಮುಗಿದರೂ ನೋಂದಣಿ ಆಗಲಿಲ್ಲ, ಏಕೆಂದರೆ ಆ ಪ್ಲಾಟಿಗೆ ಇ-ಖಾತಾ (ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ) ಇರಲಿಲ್ಲ. 2024ರ ಅಕ್ಟೋಬರ್‌ನಿಂದ ನಗರ ಪ್ರದೇಶದ ಆಸ್ತಿಗೆ ಇ-ಖಾತಾ ಇಲ್ಲದೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಖರೀದಿ ಮುಂದಕ್ಕೆ ಹೋಗುವುದಿಲ್ಲ. ಪಂಚಾಯಿತಿ ಹದ್ದಿನಲ್ಲಾದರೆ ಅಲ್ಲಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಬೇಕು. ಮಾರುವವರು 11ಬಿ ತೋರಿಸಿ "ಎರಡೂ ಒಂದೇ" ಅನ್ನುತ್ತಾರೆ. ಒಂದೇ ಅಲ್ಲ. ನಗರದಲ್ಲಿ ಬಿ-ಖಾತಾ ಹೇಗೋ ಪಂಚಾಯಿತಿಯಲ್ಲಿ 11ಬಿ ಹಾಗೆ. ತೆರಿಗೆ ಕಟ್ಟಲು ದಾಖಲೆ ಸಿಕ್ಕಿತೇ ಹೊರತು ಲೇಔಟ್ ಸಕ್ರಮವಾಗಲಿಲ್ಲ. ಬ್ಯಾಂಕುಗಳು ಸಾಮಾನ್ಯವಾಗಿ ಇದರ ಮೇಲೆ ಮನೆಸಾಲ ಕೊಡುವುದಿಲ್ಲ.

ಎನ್‌ಎ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮೋಸ ಹೆಚ್ಚಾಗಿ ಇಲ್ಲೇ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿ ಕೊಡುವ ಪರಿವರ್ತನೆ ಆದೇಶ ಮೊದಲ ಮೆಟ್ಟಿಲು ಮಾತ್ರ. ಅದರ ನಂತರ ಕಲಬುರಗಿ ನಗರಾಭಿವೃದ್ಧಿ ಪ್ರಾಧಿಕಾರ ಲೇಔಟ್ ನಕ್ಷೆಗೆ ಅನುಮೋದನೆ ಕೊಡಬೇಕು; ಬೀದರ್, ಯಾದಗಿರಿಯಲ್ಲಾದರೆ ಅಲ್ಲಿಯ ಪ್ರಾಧಿಕಾರ. ರಸ್ತೆ, ಚರಂಡಿ, ವಿದ್ಯುತ್ ಕೆಲಸ ನಡೆದಂತೆ ಪ್ಲಾಟುಗಳು ಹಂತ ಹಂತವಾಗಿ ಬಿಡುಗಡೆಯಾಗುತ್ತವೆ. ಆ ಬಿಡುಗಡೆ ಪತ್ರದಲ್ಲಿ ನಿಮ್ಮ ಪ್ಲಾಟ್ ನಂಬರೇ ಇರಬೇಕು. ಲೇಔಟಿಗೆ ಅನುಮೋದನೆ ಇದ್ದೂ ನಿಮ್ಮ ನಂಬರು ಮುಂದಿನ ಹಂತದಲ್ಲಿದ್ದರೆ ಅದು ಇನ್ನೂ ಮಾರುವ ಮಾಲಲ್ಲ. ಮೂರು ಕಾಗದ ಕೇಳಿ: ಪರಿವರ್ತನೆ ಆದೇಶ, ಮುದ್ರೆಯಿರುವ ನಕ್ಷೆ, ಬಿಡುಗಡೆ ಪತ್ರ. ಕೊಟ್ಟದ್ದನ್ನು ಪ್ರಾಧಿಕಾರದ ಕಚೇರಿಯ ಕಡತದೊಂದಿಗೆ ಹೋಲಿಸಿ ನೋಡಿ. ಕಲರ್ ಜೆರಾಕ್ಸ್ ನಂಬಬೇಡಿ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಂಖ್ಯೆಯೂ ಬೇಕು. 500 ಚದರ ಮೀಟರಿಗಿಂತ ದೊಡ್ಡ ಲೇಔಟ್ ನೋಂದಣಿಯಾಗಬೇಕು. ಅರ್ಧ ಎಕರೆಯೇ 2,000 ಚದರ ಮೀಟರ್ ದಾಟುವುದರಿಂದ ರಿಂಗ್ ರೋಡಿನ ಆಚೆ ತಪ್ಪಿಸಿಕೊಳ್ಳುವ ಲೇಔಟು ಅಪರೂಪ. ಕರಾರು ನೋಂದಣಿ ಮಾಡದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ ಎಂದು ರೇರಾ ಕಾಯ್ದೆಯ 13ನೇ ಕಲಮು ಹೇಳುತ್ತದೆ. 18 ಲಕ್ಷಕ್ಕೆ ಅದು 1.80 ಲಕ್ಷ. ಇಲ್ಲಿ ಹೋದದ್ದು 6 ಲಕ್ಷ.

ಇನ್ನೊಂದು ಕಾಗದ ಋಣಭಾರ ಪತ್ರ, ಅಂದರೆ ಇಸಿ. ಏಜೆಂಟ್ ತೋರಿಸಿದ್ದು ಪ್ಲಾಟ್ ನಂಬರಿನ ಇಸಿ, ನಮೂನೆ 16, "ಯಾವ ವ್ಯವಹಾರವೂ ಇಲ್ಲ". ನೋಂದಣಿಯೇ ಆಗದ ಪ್ಲಾಟಿನ ಮೇಲೆ ವ್ಯವಹಾರ ಎಲ್ಲಿಂದ ಬರಬೇಕು? ನೋಡಬೇಕಾದದ್ದು ಮೂಲ ಸರ್ವೆ ನಂಬರಿನ ಇಸಿ; ವ್ಯವಹಾರಗಳಿದ್ದರೆ ಅದು ನಮೂನೆ 15ರಲ್ಲಿ ಬರುತ್ತದೆ. ಆನ್‌ಲೈನಿನಲ್ಲಿ 2004ರಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಅರ್ಜಿ ಹಾಕಿ, ಒಟ್ಟು 30 ವರ್ಷದ್ದು ತೆಗೆಸಿ. ಮೂಲ ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಪಡೆದ ಸಾಲ ನೋಂದಣಿಯಾಗಿರದಿದ್ದರೆ ಇಸಿಯಲ್ಲಿ ಕಾಣದು. ಅದಕ್ಕೆ ಇಂಥ ಅಡಮಾನಗಳನ್ನು ದಾಖಲಿಸುವ ಸರ್‌ಸಾಯ್ (CERSAI) ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕಬೇಕು.

ಕೋರ್ಟಿನ ದಾವೆಯೂ ಇಸಿಯಲ್ಲಿ ಕಾಣಲೇಬೇಕೆಂದಿಲ್ಲ. ಈ ವ್ಯವಹಾರದ ಸೊಂಟ ಮುರಿದದ್ದೇ ಅದು. ಹೊಲದ ಮಾಲೀಕನ ತಂಗಿ ಪಾಲಿಗಾಗಿ ದಾವೆ ಹೂಡಿದ್ದಳು. ಲೇಔಟ್ ಮಾಡಿದಾತನಿಗೆ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಬರೆದುಕೊಟ್ಟವರು ಅಣ್ಣತಮ್ಮಂದಿರು ಮಾತ್ರ. ಅಕ್ಕತಂಗಿಯರ ಸಹಿ ಇರಲಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿದ ಮೇಲೂ ನಮ್ಮ ಕಡೆ "ಹೆಣ್ಮಕ್ಕಳು ಏನ್ ಕೇಳ್ತಾರ್ರಿ" ಎನ್ನುವ ಧೈರ್ಯ ಹೋಗಿಲ್ಲ. ದಾವೆ ನಡೆಯುವಾಗ ಕೊಂಡವರು ತೀರ್ಪಿಗೆ ಬದ್ಧರು. ಆದ್ದರಿಂದ ವಂಶಾವಳಿ ತರಿಸಿ, ಅದರಲ್ಲಿರುವ ಪ್ರತಿ ಹೆಸರನ್ನೂ ಇ-ಕೋರ್ಟ್ಸ್ ತಾಣದಲ್ಲಿ ಹಾಕಿ ನೋಡಿ. ಶರಣಪ್ಪನನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಲ್ಲಿ ಬರೆದಿರುತ್ತಾರೆ, ಮೂರೂ ಹುಡುಕಿ. ಇನ್ನು ಜಿಪಿಎ ಒಂದರಿಂದಲೇ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಉತಾರದ (ಪಹಣಿಯ) 11ನೇ ಕಾಲಂ ಓದದೆ ಯಾವ ಪ್ಲಾಟಿಗೂ ಕೈ ಹಾಕಬೇಡಿ. ಬೇರೆಯವರ ಹಕ್ಕು, ಸಾಲ, ವಕ್ಫ್ ನಮೂದು, ತಡೆಯಾಜ್ಞೆ ಇದ್ದರೆ ಅಲ್ಲೇ ಇರುತ್ತವೆ. ನಿಜಾಮರ ಕಾಲದ ಇನಾಂ ಜಮೀನು ನಮ್ಮ ಮೂರೂ ಜಿಲ್ಲೆಗಳಲ್ಲಿ ಇರುವುದರಿಂದ ಈಗಿನ ಉತಾರವೊಂದೇ ಸಾಲದು, ಹಳೆಯ ಪಹಣಿಯೂ ಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಾಗಿದ್ದರೆ ಅಂಥ ಜಮೀನಿನ ಮಾರಾಟ ತಡೆಯುವ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. 2023ರ ತಿದ್ದುಪಡಿಯ ನಂತರ ಅಂಥ ಜಮೀನು ಮರಳಿ ಕೇಳಲು ಕಾಲಮಿತಿಯೇ ಇಲ್ಲ.

"ಮುಂದಿನ ಸರ್ಕಾರ ಸಕ್ರಮ ಮಾಡುತ್ತದೆ" ಎನ್ನುವ ಮಾತಿಗೆ ರೊಕ್ಕ ಕಟ್ಟಬೇಡಿ. ಅನಧಿಕೃತ ಲೇಔಟು, ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲೇ ತಡೆ ಕೊಟ್ಟಿತ್ತು. ಗೈಡೆನ್ಸ್ ವ್ಯಾಲ್ಯೂ ಹೆದರಿಕೆಯೂ ಅರ್ಧ ಪೊಳ್ಳು. ಮುದ್ರಾಂಕ ಶುಲ್ಕ ಬೀಳುವುದು ನಿಜವಾದ ಬೆಲೆ ಅಥವಾ ಗೈಡೆನ್ಸ್ ವ್ಯಾಲ್ಯೂ, ಯಾವುದು ಹೆಚ್ಚೋ ಅದರ ಮೇಲೆ. ನೀವು 18 ಲಕ್ಷ ಎಂದೇ ಬರೆಸುವುದಾದರೆ ಗೈಡೆನ್ಸ್ ವ್ಯಾಲ್ಯೂ 10ರಿಂದ 12 ಲಕ್ಷಕ್ಕೆ ಏರಿದರೆ ನಿಮಗೇನು? ಬೆಲೆ ಮುಚ್ಚಿಡುವವನಿಗಷ್ಟೇ ಬಿಸಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದ್ದು ನಿಜ. ನಗರದಲ್ಲಿ ಮುದ್ರಾಂಕ, ಸೆಸ್, ಸರ್‌ಚಾರ್ಜ್ ಸೇರಿ ಈಗ ಒಟ್ಟು ಶೇ 7.6. 18 ಲಕ್ಷಕ್ಕೆ 1,36,800 ರೂಪಾಯಿ. ಇದನ್ನು ಬ್ಯಾಂಕ್ ಸಾಲದಲ್ಲಿ ಸಾಮಾನ್ಯವಾಗಿ ಸೇರಿಸುವುದಿಲ್ಲ, ಕೈಯಲ್ಲಿರಬೇಕು.

ಬಡ್ಡಿಯ ಲೆಕ್ಕ ಬೇರೆ. 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ 4ರಿಂದ 6.5ಕ್ಕೆ ಏರಿತ್ತು. 30 ಲಕ್ಷದ 20 ವರ್ಷದ ಸಾಲಕ್ಕೆ ಶೇ 6.7ರಲ್ಲಿ ಕಂತು ಸುಮಾರು 22,700, ಶೇ 9.2 ಆದರೆ 27,400. ಎರಡನೆಯ ಕಂತನ್ನು ತೊಗರಿ ಬೆಲೆ ಬಿದ್ದ ವರ್ಷವೂ ಕಟ್ಟುವ ತಾಕತ್ತಿದೆಯೇ ನೋಡಿ, ಆಮೇಲೆ ಅರ್ಜಿ ಹಾಕಿ. ಸಾಲ ಬೇಡದಿದ್ದರೂ ಬ್ಯಾಂಕಿನ ಪ್ಯಾನೆಲ್ ವಕೀಲರಿಂದ ಕಾನೂನು ಅಭಿಪ್ರಾಯ ಬರೆಸಿಕೊಳ್ಳುವುದು ಒಳ್ಳೆಯದು, ಇಸಾರಕ್ಕೆ ಮೊದಲು.

ಕೊಡಲೇಬೇಕಾದರೆ ಇಸಾರ ಶೇ 10ರೊಳಗೆ, ಬ್ಯಾಂಕ್ ವರ್ಗಾವಣೆಯ ಮೂಲಕ, ಜಮೀನಿನ ಮಾಲೀಕರ ಖಾತೆಗೆ. ಕರಾರು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲಿ. ಆಗ ಅದು ಇಸಿಯಲ್ಲಿ ಬರುತ್ತದೆ, ಅದೇ ಪ್ಲಾಟನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಇಂಥ ತಾರೀಖಿನೊಳಗೆ ಇ-ಖಾತಾ ಬರದಿದ್ದರೆ ಬಡ್ಡಿಸಹಿತ ವಾಪಸು ಎಂಬ ಷರತ್ತು ಬರೆಸಿ.

ಮೇಲಿನ ವ್ಯವಹಾರದಲ್ಲಿ ಮಾರಿದವನ ಹತ್ತಿರ ವಾಪಸು ಕೊಡಲು ರೊಕ್ಕವೇ ಉಳಿದಿಲ್ಲ. ಒಬ್ಬರ ಇಸಾರ ತಂದು ಇನ್ನೊಬ್ಬ ಹೊಲದವನ ಕಂತು ಕಟ್ಟಿದ್ದ. ಮಾರಾಟ ನಿಂತೊಡನೆ ಸರಪಳಿ ಕಡಿಯಿತು. ಹೀಗೆ ಸಿಕ್ಕಿಬಿದ್ದವರು ಬಾಯಿಮಾತಿನ ವಾಯಿದೆಗಳಲ್ಲಿ ದಿನ ಕಳೆಯಬಾರದು. ಕರಾರಿನಂತೆ ಖರೀದಿ ಮಾಡಿಕೊಡಿ ಎಂದು ದಾವೆ ಹೂಡಲು ಅದರಲ್ಲಿ ಬರೆದ ಗಡುವಿನಿಂದ ಮೂರೇ ವರ್ಷ. ನೋಟಿಸು ಸ್ಪೀಡ್ ಪೋಸ್ಟಿನಲ್ಲಿ ಹೋಗಲಿ, ರಸೀದಿ ಇಟ್ಟುಕೊಳ್ಳಿ. ಚೆಕ್ಕಿನ ಒಂದೂವರೆ ಲಕ್ಷಕ್ಕೆ ಬ್ಯಾಂಕ್ ಪಾಸ್‌ಬುಕ್ಕೇ ಸಾಕ್ಷಿ. ನಗದಿನ ನಾಲ್ಕೂವರೆ ಲಕ್ಷಕ್ಕೆ ಕರಾರಿನ ಒಂದು ಸಾಲು ಬಿಟ್ಟರೆ ಬೇರೇನಿಲ್ಲ. ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ, ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹಾಗಾಗಿ ಆ ನಾಲ್ಕೂವರೆ ಲಕ್ಷ ತನ್ನ ಕೈಗೆ ಬಂದೇ ಇಲ್ಲ ಎಂದು ಮಾರಿದವನು ವಾದಿಸುತ್ತಿದ್ದಾನೆ.